ತೆರೆರೆ ಕೊಡುವ ಕೈ

“ಕತಲಿನೋಗೆ ಮರೆವು ಜಾಸ್ತಿ ಆಗ್ತಿದೆ ಅಂದ್ರೆ, ‘ಮರೆಯೋಕೆ ಅವನಿಗೆ ಮೊದಲು ಏನಾದ್ರೂ ಗೊತ್ತಿತ್ತಾ?’ ಅಂತ ಕೇಳಿದ ಕಣೋ ಆ ಡಾಕ್ಟರ್! ಮುಟ್ಟಿ ಸಹ ನೋಡಲಿಲ್ಲ. ಡೌನ್ ಸಿಂಡ್ರೋಮ್ ಇರೋರೆಲ್ಲ ಹೀಗೇ ಅಂತೆ.”

ನಿಮಿಯಾ ಚಪ್ಪಲಿಯನ್ನೂ ಬಿಡದೆ ಅಂಗಳದ ಮಾವಿನ ಮರದಡಿ ಕೂತು ಕಿಡಿ ಕಾರುತ್ತಿದ್ದಳು. ತಮ್ಮ ಒವೀದಿಯೋ ಕುರ್ಚಿಗೆ ಒರಗಿದ.

“ತಪ್ಪೇನು ಹೇಳಿದ್ರು ಅಕ್ಕಾ? ಇವನು ಹುಟ್ಟಿದಾಗಿಂದ ಹೀಗೇ ಅಲ್ವಾ. ಸಿಸ್ಟರುಗಳ ಆಶ್ರಮದಲ್ಲಿ ಜಾಗ ಇದೆ, ನಾಳೆ ಬಿಟ್ಟು ಬರೋಣ.”

“ಹೀಗೇ ಇದ್ನಾ? ಇಷ್ಟು ವರ್ಷ ಕಣ್ಣು ಎಲ್ಲಿಟ್ಟಿದ್ದೆ?”

ಇಬ್ಬರ ನಡುವೆ ಕತಲಿನೋ, ಕೊನೆಯ ತಮ್ಮ, ಪುದೀನ ಜಜ್ಜುತ್ತಿದ್ದ. ಐವತ್ತರ ಹತ್ತಿರ ಬಂದಿದ್ದರೂ ಆ ಮನೆಯಲ್ಲಿ ತೆರೆರೆ, ಅಂದರೆ ಎಲ್ಲರೂ ಒಂದೇ ಲೋಟದಲ್ಲಿ ಸರದಿಯಂತೆ ಕುಡಿಯುವ ತಣ್ಣನೆಯ ಎಲೆಪಾನೀಯ, ಹಂಚುವವನು ಅವನೇ. ಅದು ಕಿರಿಯವನ ಕೆಲಸ. ಕೊಂಬಿನ ಲೋಟದ ಎಲೆಪುಡಿಗೆ ಪುದೀನದ ತಣ್ಣೀರು ಹುಯ್ದು ಒವೀದಿಯೋಗೆ ಕೊಟ್ಟ. ಅವನು ಕೊಳವೆಯಲ್ಲಿ ಹೀರಿ ಹಿಂದಿರುಗಿಸಿದ. ಮುಂದಿನದು ಅಕ್ಕನಿಗೆ ಹೋಗಬೇಕು. ಅದೂ ಒವೀದಿಯೋಗೇ ಬಂತು.

“ನನ್ಮೇಲೆ ಪ್ರೀತಿ ಜಾಸ್ತಿ ಇವನಿಗೆ,” ಎಂದು ಅವನು ನಕ್ಕ. ಇನ್ನೊಂದು ಬಂದಾಗ ಕುಡಿದು, “ಧನ್ಯವಾದ ಮಾರಾಯ,” ಎಂದ.

ಧನ್ಯವಾದ ಎಂದವನಿಗೆ ಸಾಕಾಯಿತೆಂದೇ ಲೆಕ್ಕ, ಮತ್ತೆ ಕೊಡುವಂತಿಲ್ಲ. ಈ ವಿಷಯದಲ್ಲಿ ಕತಲಿನೋ ಬಲು ಖಡಕ್ಕು. ಒಮ್ಮೆ ಬಾಯಿತಪ್ಪಿ ಹಾಗೆಂದ ಪಾದ್ರಿಗಳು ಇಡೀ ಮಧ್ಯಾಹ್ನ ಒಣಗಂಟಲಲ್ಲೇ ಕೂರಬೇಕಾಗಿತ್ತು. ಎಷ್ಟು ಗೋಗರೆದರೂ ಇವನು ಮಣಿದಿರಲಿಲ್ಲ.

ಕತಲಿನೋ ಮತ್ತೆ ತುಂಬಿಸಿ ಒವೀದಿಯೋನತ್ತಲೇ ಚಾಚಿದ.

ಒವೀದಿಯೋನ ನಗು ನಿಂತಿತು. “ಕತಾ, ಧನ್ಯವಾದ ಅಂದೆನಲ್ಲೋ,” ಎಂದ ಮೆಲ್ಲಗೆ. ಕತಲಿನೋ ಅವನ ಮುಖವನ್ನೇ ನೋಡಿದ. ಚಾಚಿದ ಕೈ ಹಾಗೇ ಇತ್ತು. ನೀರು ತುಳುಕಿ ಮಣಿಕಟ್ಟಿನಿಂದ ಇಳಿಯುತ್ತಿತ್ತು.

“ಈಗ ಹೇಳು, ಹೀಗೇ ಇದ್ನಾ?”

ನಿಮಿಯಾಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಆ ಡಾಕ್ಟರನ್ನು, ಈ ತಮ್ಮನನ್ನು, ಇಡೀ ಊರನ್ನೇ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. “ಬೇರೆಯವರಿಗೆ ಮರೆವು ಬಂದ್ರೆ ಕಾಯಿಲೆ, ಇವನಿಗೆ ಬಂದ್ರೆ ಹಣೆಬರಹನಾ? ಗೊತ್ತಿದ್ದದ್ದನ್ನೆಲ್ಲ ಕಳ್ಕೊತಿದ್ದಾನೆ ಕಣೋ! ನಾಳೆ ಗಾಡಿ ತಗೊಂಡ್ ಬಾ. ಅಸುನ್ಸಿಯೋನ್‌ಗೆ ಹೋಗಿ ದೊಡ್ಡ ಡಾಕ್ಟರ್‌ಗೆ ತೋರಿಸೋಣ. ಆಶ್ರಮದ ಮಾತು ಇನ್ನೊಂದ್ಸಲ ಎತ್ತಿದ್ರೆ ನೀನೇ ಹೋಗಿ ಅಲ್ಲಿರು.”

“ಬರ್ತೀನಿ ಅಕ್ಕಾ. ಬೆಳಗ್ಗೇನೇ ಬರ್ತೀನಿ.”

ಅವನು ಲೋಟ ತೆಗೆದುಕೊಂಡು ಕೊಳವೆಗೆ ಬಾಯಿಟ್ಟ. ಅದು ಖಾಲಿಯಾಗುವ ಮೊದಲೇ ಕತಲಿನೋ ಜಗ್ಗು ಎತ್ತಿ ಹಿಡಿದು ಕಾಯುತ್ತಿದ್ದ.