ಟೈಲರಕ್ಕನ ಮನೆಗೂ ಬಂದ ಗುಣದ ಪಾಠ

ಮಕ್ಕಳು ಶಾಲೆಯಿಂದ ಬಂದು ಚೀಲ ಕೆಳಗಿಡುವ ಮೊದಲೇ ನಾವು ಕೇಳುವುದು ಏನು? ಎಷ್ಟು ಅಂಕ ಬಂತು, ಪಕ್ಕದ ಮನೆಯವಳಿಗೆ ಎಷ್ಟು ಬಂತು. ಟೈಲರಕ್ಕನೂ ಅದನ್ನೇ ಕೇಳುತ್ತಿದ್ದಳು.

ಬೀದಿಯ ತಿರುವಿನಲ್ಲಿ ಅವಳ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಆಳೆತ್ತರದ ಒಂದು ಕನ್ನಡಿ, ಕಾಯುವವರಿಗೆ ಕಿಟಕಿಯ ಪಕ್ಕ ಒಂದು ಬೆಂಚು. ಗಂಡ ಲಾರಿ ಓಡಿಸುತ್ತಿದ್ದ. ಹೊರಟನೆಂದರೆ ವಾರಗಟ್ಟಲೆ ಪತ್ತೆ ಇಲ್ಲ. ಅತ್ತೆ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತಿದ್ದರು. ಮೂರನೇ ಕ್ಲಾಸಿನ ಮಗಳು ಆ ಗುಂಡಿಗಳ ಡಬ್ಬಿಯ ಜೊತೆ ಆಡಿಯೇ ಬೆಳೆದವಳು. ಹಾಗಾಗಿ ಅವಳನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. "ರಸ್ತೆ ಗುಂಡಿ ಅಲ್ಲ, ಅಂಗಿ ಗುಂಡಿ" ಎಂದು ಹೊಸಬರಿಗೆ ಅವಳೇ ತಿದ್ದಿ ಹೇಳುತ್ತಿದ್ದಳು.

ಟೈಲರಕ್ಕನ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಅಳತೆ ಕೊಡಲು ಬಂದವರು ಅಳತೆ ಮುಗಿದ ಮೇಲೂ ಏಳುತ್ತಿರಲಿಲ್ಲ. ಯಾರದೇ ನಡಿಗೆ ಇರಲಿ, ಕೆಮ್ಮು ಇರಲಿ, ಒಮ್ಮೆ ನೋಡಿದರೆ ಸಾಕು, ಹಾಗೇ ಮಾಡಿ ತೋರಿಸುತ್ತಿದ್ದಳು. ಅಂಚೆಯಣ್ಣನ ಸರದಿ ಬಂದಾಗಲಂತೂ ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂಚೆಯಣ್ಣನಿಗೆ ಮಾತು ತಡೆಯುತ್ತಿತ್ತು. ಮನೆ ಮುಂದೆ ಸೈಕಲ್ ನಿಲ್ಲಿಸಿ ಹೆಸರು ಕೂಗುವಾಗ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಅವನು ಆಚೆ ಹೋದದ್ದೇ ತಡ, ಟೈಲರಕ್ಕ ಹೊಲಿಯಲು ಬಂದ ಬಟ್ಟೆಯ ಗಂಟನ್ನು ಟಪಾಲು ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು ಶುರು ಮಾಡುತ್ತಿದ್ದಳು.

ಕೆಟ್ಟ ಹೆಂಗಸೇನಲ್ಲ ಅವಳು. ಬೀದಿಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಯಂತ್ರ ನಿಲ್ಲಿಸಿ ಮೊದಲು ಓಡುವವಳು ಅವಳೇ. ನಗಿಸುವುದರಿಂದ ಯಾರಿಗೆ ಏನು ನಷ್ಟ ಎಂದು ಅಂದುಕೊಂಡಿದ್ದಳು, ಅಷ್ಟೆ. ಈಚೆಗೆ ಅಂಚೆಯಣ್ಣ ಹೆಸರು ಕೂಗುವುದನ್ನು ಬಿಟ್ಟು ಕಾಗದಗಳನ್ನು ಸುಮ್ಮನೆ ಬಾಗಿಲ ಸಂದಿಯಲ್ಲಿ ತಳ್ಳಿ ಹೋಗುತ್ತಿದ್ದ. ಅದನ್ನು ಅವಳು ನೋಡಿದ್ದಳು. ಯಾಕೆ ಎಂದು ಯೋಚಿಸಿರಲಿಲ್ಲ.

ಆ ವರ್ಷ ಶಾಲೆಯಲ್ಲಿ ಹೊಸದೊಂದು ಶುರುವಾಯಿತು. ದಿನಾ ಬೆಳಗಿನ ಮೊದಲ ಅರ್ಧ ಗಂಟೆ ಗುಣದ ಪಾಠ. ನಿಜ ಹೇಳುವುದು, ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವುದು, ತಪ್ಪು ಮಾಡಿದರೆ ಒಪ್ಪಿಕೊಳ್ಳುವುದು, ಇಂಥವು. ಅದಕ್ಕೆ ಪುಸ್ತಕವೂ ಇಲ್ಲ, ಪರೀಕ್ಷೆಯೂ ಇಲ್ಲ.

"ಪರೀಕ್ಷೆನೇ ಇಲ್ಲ ಅಂದ್ಮೇಲೆ ಅದೆಂಥ ಪಾಠ?" ಎಂದಳು ಟೈಲರಕ್ಕ, ಬೆಂಚಿನವರ ಕಡೆ ತಿರುಗಿ. "ಇವಳಿಗೆ ಏಳರ ಮಗ್ಗಿ ಬಾಯಿಗೆ ಬರಲ್ಲ. ಅದನ್ನ ಕಲಿಸೋದು ಬಿಟ್ಟು ಒಳ್ಳೇತನ ಕಲಿಸ್ತಾರಂತೆ. ಯಾಕೆ, ಅದನ್ನ ಮನೇಲಿ ನಾವು ಕಲಿಸಲ್ವಾ?"

ಅತ್ತೆ ಸೂಜಿಗೆ ದಾರ ಪೋಣಿಸುತ್ತ, "ನಾವು ಏನೇನು ಕಲಿಸ್ತಿದ್ದೀವಿ ಅಂತ ಒಂದ್ಸಲ ಪಟ್ಟಿ ಮಾಡ್ಬೇಕಮ್ಮ" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ಗುಂಡಿ ಶಾಲೆಯಿಂದ ಚೀಟಿ ತಂದಳು. ನಾಳೆ ಮಧ್ಯಾಹ್ನ ಒಂದು ಗಳಿಗೆ ಬಂದು ಹೋಗಲು ಆಗುತ್ತದೆಯೇ ಎಂದು ಕ್ಲಾಸ್ ಟೀಚರ್ ಬರೆದಿದ್ದರು. ಏಳರ ಮಗ್ಗಿಯದೇ ದೂರು ಎಂದು ಟೈಲರಕ್ಕ ಮನಸ್ಸಿನಲ್ಲೇ ಉತ್ತರ ಸಿದ್ಧಮಾಡಿಕೊಂಡು ಹೋದಳು. ಮಕ್ಕಳೆಲ್ಲ ಅಂಗಳದಲ್ಲಿ ಆಡುತ್ತಿದ್ದರು. ಖಾಲಿ ಕ್ಲಾಸಿನಲ್ಲಿ ಇದ್ದದ್ದು ಮಕ್ಕಳ ಗಿಡ್ಡ ಬೆಂಚುಗಳೇ. ಕೂತರೆ ಮೊಣಕಾಲು ಗದ್ದಕ್ಕೆ ಬರುವಂತಿತ್ತು. ಟೀಚರೂ ಅಂಥದೇ ಒಂದನ್ನು ಎಳೆದುಕೊಂಡು ಎದುರಿಗೆ ಕೂತರು.

"ಮಗ್ಗಿ ವಿಷಯ ತಾನೇ ಟೀಚರ್? ಮನೇಲಿ ಕೂರಿಸಿ ಹೇಳಿಸ್ತೀನಿ."

"ಮಗ್ಗಿ ಇವತ್ತಲ್ಲ ನಾಳೆ ಬರುತ್ತೆ ಬಿಡಿ. ಅಂಚೆಯಣ್ಣನ ಮಗಳು ಇದೇ ಕ್ಲಾಸು ಗೊತ್ತಲ್ವಾ? ಆರು ದಿನದಿಂದ ಅವಳು ಶಾಲೆಗೆ ಬಂದಿಲ್ಲ."

"ಪಾಪ, ಹುಷಾರಿಲ್ವಾ?"

"ಹುಷಾರಾಗೇ ಇದ್ದಾಳೆ. ಅವಳಿಗೂ ಅವರಪ್ಪನ ಹಾಗೆ ಮಾತು ಸ್ವಲ್ಪ ತಡೆಯುತ್ತೆ. ಹೋದ ವಾರ ಓದೋಕೆ ಎದ್ದು ನಿಂತಾಗ ಒಂದು ಪದ ಸಿಕ್ಕಿಹಾಕ್ಕೊಂಡಿತು. ಹಿಂದಿನ ಬೆಂಚಿಂದ ಒಬ್ಬ ಹುಡುಗಿ ಎದ್ದು ಅದೇ ಥರ ಮಾಡಿ ತೋರಿಸಿದ್ಲು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆ ಮಗು ಪುಸ್ತಕ ಮುಚ್ಚಿ ಕೂತಿದ್ದು ಮತ್ತೆ ಬಾಯಿ ತೆರೀಲಿಲ್ಲ."

"ಅಂಥ ಕೆಲಸ ಮಾಡಿದ್ದು ಯಾರ ಮಗಳು? ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

"ನಿಮ್ಮ ಗುಂಡಿನೇ ಅಮ್ಮ" ಎಂದರು ಟೀಚರ್.

ಟೈಲರಕ್ಕ ಎದ್ದೇ ನಿಂತಳು. "ಇವತ್ತು ಮನೆಗೆ ಬರಲಿ, ಅವಳ ಬೆನ್ನು ಮುರೀತೀನಿ."

"ಕೂತ್ಕೊಳ್ಳಿ. ಹೊಡೆದ್ರೆ, ಸಿಕ್ಕಿಬೀಳದ ಹಾಗೆ ಮಾಡೋದು ಹೇಗೆ ಅಂತ ಕಲೀತಾಳೆ. ಯಾಕೆ ಮಾಡಬಾರದು ಅನ್ನೋದು ಗೊತ್ತಾಗಲ್ಲ. ಮೊದಲು ಅವಳನ್ನೇ ಕೇಳೋಣ."

ಅಂಗಳದಿಂದ ಗುಂಡಿ ಬಂದಳು. ಅಮ್ಮನ ಮುಖ ನೋಡಿ ಬಾಗಿಲ ಹತ್ತಿರವೇ ನಿಂತಳು.

"ಇನ್ನೊಬ್ಬರ ಮಾತನ್ನ ಆಡಿ ತೋರಿಸೋದು ಯಾರು ಕಲಿಸಿದ್ರೇ ನಿನಗೆ?"

ಇದನ್ನೇಕೆ ಕೇಳುತ್ತಿದ್ದಾಳೆಂದೇ ಗುಂಡಿಗೆ ಅರ್ಥವಾಗಲಿಲ್ಲ. "ನೀನೇ ಅಲ್ವಾ ಅಮ್ಮ?" ಎಂದಳು. "ನೀನು ಮಾಡಿದಾಗ ಎಲ್ಲರಿಗೂ ಎಷ್ಟು ಖುಷಿ ಆಗುತ್ತೆ. ಇಲ್ಲಿ ನನ್ನ ಪಕ್ಕ ಯಾರೂ ಕೂತ್ಕೊಳ್ತಿರಲಿಲ್ಲ. ಅದಕ್ಕೇ ನಾನೂ ಮಾಡ್ದೆ."

ಟೈಲರಕ್ಕನ ಕಣ್ಣು ತುಂಬಿಬಂತು. ತಲೆ ಎತ್ತಲು ಧೈರ್ಯ ಸಾಲಲಿಲ್ಲ. ಸರಿಯಾಗಿ ಆ ಹೊತ್ತಿಗೆ ಟೀಚರ್ ಎದ್ದುಹೋಗಿ ಬೋರ್ಡು ಒರೆಸತೊಡಗಿದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ಅವರು ಬೆನ್ನು ತಿರುಗಿಸಿ ನಿಂತದ್ದು ತನ್ನ ಕಣ್ಣೀರನ್ನು ನೋಡಬಾರದೆಂದು ಎನ್ನುವುದು ಟೈಲರಕ್ಕನಿಗೆ ಗೊತ್ತಾಯಿತು. ಆ ಉಪಕಾರವನ್ನು ಅವಳು ಇವತ್ತಿಗೂ ಮರೆತಿಲ್ಲ.

"ನಂದೂ ಒಂದು ತಪ್ಪಿದೆ" ಎಂದರು ಟೀಚರ್, ಹಿಂದಿರುಗಿ ಬಂದು. "ಇವಳು ಒಬ್ಬಳೇ ಕೂರ್ತಿದ್ದಾಳೆ ಅನ್ನೋದು ನನ್ನ ಗಮನಕ್ಕೆ ಬರಲೇ ಇಲ್ಲ. ನಾನು ನೋಡಬೇಕಿತ್ತು. ಇನ್ಮೇಲೆ ನೋಡ್ತೀನಿ ಗುಂಡಿ."

ಟೀಚರ್ ಒಬ್ಬರು ಮಗುವಿನ ಮುಂದೆ ಹೀಗೆ ತಪ್ಪು ಒಪ್ಪಿಕೊಂಡದ್ದನ್ನು ಟೈಲರಕ್ಕ ಅದೇ ಮೊದಲು ಕಂಡದ್ದು. ಅವಳ ದನಿ ಇಳಿಯಿತು. "ನಾನೇ ಹಾಳುಮಾಡಿದೆ ಅನ್ಸುತ್ತೆ. ಈಗ ಇದನ್ನೆಲ್ಲ ಸರಿಮಾಡೋಕಾಗುತ್ತಾ ಟೀಚರ್?"

"ಹೊಲಿಗೆ ಕಲಿಯೋಕೆ ಹೋದ ದಿನವೇ ಕಾಲರ್ ಕೂರಿಸಿದ್ರಾ ನೀವು?"

"ಎಲ್ಲಿ ಬಂತು. ಮೂರು ತಿಂಗಳು ಚಿಂದಿ ಮೇಲೆ ಬರೀ ನೇರ ಹೊಲಿಗೆ ಹಾಕಿಸಿದ್ರು. ಸೊಟ್ಟ ಆದ್ರೆ ಬಿಚ್ಚು, ಮತ್ತೆ ಹಾಕು."

"ಗುಣವೂ ಹಾಗೇ. ಒಳ್ಳೆಯವಳಾಗು ಅಂತ ಬರೀ ಬಾಯಲ್ಲಿ ಹೇಳಿಬಿಟ್ರೆ ಬರಲ್ಲ. ದಿನಾ ಒಂದಿಷ್ಟು ಅಭ್ಯಾಸ ಆಗ್ಬೇಕು. ತಪ್ಪಿದಾಗ ಬಿಚ್ಚಿ ಮತ್ತೆ ಹಾಕೋಕೆ ಅವಕಾಶ ಸಿಗ್ಬೇಕು. ಈ ವಯಸ್ಸಿಗೆ ಬೇಗ ಕೈಗೆ ಹತ್ತುತ್ತೆ. ಅದಕ್ಕೇ ಈ ಅರ್ಧ ಗಂಟೆ ಇಟ್ಟಿರೋದು. ಆದ್ರೆ ಇಲ್ಲಿ ನಾನು ಹೇಳಿದ್ದನ್ನ ಮಗು ಮನೇಲೂ ಕಣ್ಣಾರೆ ನೋಡ್ಬೇಕು. ಇಲ್ದಿದ್ರೆ ನನ್ನ ಪಾಠ ಈ ನಾಲ್ಕು ಗೋಡೆ ದಾಟಲ್ಲ."

ಆಮೇಲೆ ಅವರು ಗುಂಡಿಯನ್ನು ಹತ್ತಿರ ಕರೆದು ಕ್ಷಮೆ ಕೇಳುವುದು ಹೇಗೆಂದು ನೆನಪಿಸಿದರು. ಮಾಡಿದ್ದು ಏನು ಅಂತ ನೇರವಾಗಿ ಹೇಳಬೇಕು. ಅದರಿಂದ ಅವರಿಗೆ ಏನಾಯಿತು ಅಂತಲೂ ಹೇಳಬೇಕು. ಇನ್ನು ಮುಂದೆ ಏನು ಮಾಡುತ್ತೇನೆ ಅನ್ನುವುದನ್ನೂ ಹೇಳಬೇಕು. "ನಡುವೆ 'ಆದರೆ' ಅನ್ನೋ ಪದ ಬರಬಾರದು. ಅವರು ತಕ್ಷಣ ಕ್ಷಮಿಸ್ಲೇಬೇಕು ಅಂತ ಕೂರಲೂಬಾರದು. ಅದು ಅವರಿಷ್ಟ" ಎಂದರು.

ಅವತ್ತೇ ಸಂಜೆ ತಾಯಿ ಮಗಳು ಅಂಚೆಯಣ್ಣನ ಮನೆಗೆ ಹೋದರು. ಅವನು ಅಂಗಳದಲ್ಲಿ ಸೈಕಲ್ ತಲೆಕೆಳಗು ಮಾಡಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ಇವರನ್ನು ಕಂಡು ಎದ್ದು ಕೈ ಒರೆಸಿಕೊಂಡ. ಅವನ ಮಗಳು ಒಳಗಿನಿಂದ ಬಂದು ಬಾಗಿಲ ಹಿಂದೆ ಅರ್ಧ ಮರೆಯಾಗಿ ನಿಂತಳು.

ಗುಂಡಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದಳು. "ನೀನು ಓದುವಾಗ ನಾನು ನಿನ್ನ ಥರ ಮಾಡಿ ತೋರಿಸ್ದೆ. ಎಲ್ಲರೂ ನಕ್ಕಿದ್ರು. ಅದರಿಂದ ನಿನಗೆ ಶಾಲೆಗೆ ಬರೋಕೇ ಬೇಜಾರಾಯ್ತು. ಇನ್ಮೇಲೆ ಹಾಗೆ ಮಾಡಲ್ಲ. ಬೇರೆ ಯಾರಾದ್ರೂ ಮಾಡಿದ್ರೆ ಬೇಡ ಅಂತೀನಿ."

ಅವನ ಮಗಳು ಬಾಗಿಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಜೊತೆಗೆ ಬಂದರೆ ಸಾಕು, ಮಾತಾಡುವುದು ಮಗಳು ಎಂದುಕೊಂಡು ಬಂದಿದ್ದ ಟೈಲರಕ್ಕನಿಗೆ ಈಗ ಸುಮ್ಮನೆ ನಿಲ್ಲಲಾಗಲಿಲ್ಲ. "ಅಣ್ಣ, ಅಂಗಡೀಲಿ ನಾನು ನಿಮ್ಮ ಮಾತನ್ನ ಆಡಿ ತೋರಿಸ್ತಿದ್ದೆ. ತಪ್ಪಾಯ್ತು. ಆದರೆ ನಾನು ಬರೀ ತಮಾಷೆಗೆ…"

ಗುಂಡಿ ತೋಳು ಜಗ್ಗಿದಳು. "ಅಮ್ಮ, 'ಆದರೆ' ಅನ್ಬಾರದು."

ಟೈಲರಕ್ಕ ಉಸಿರು ಎಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು. "ನಾನು ಆಡಿ ತೋರಿಸ್ತಿದ್ದೆ. ನನ್ನ ನೋಡಿ ಇವಳು ಕಲಿತಳು. ಅದರಿಂದ ನಿಮ್ಮ ಮಗಳು ಮನೇಲಿ ಕೂರೋ ಹಾಗಾಯ್ತು. ಇನ್ಮೇಲೆ ನನ್ನ ಅಂಗಡೀಲಿ ಅದು ನಡೆಯಲ್ಲ."

ಅಂಚೆಯಣ್ಣ ಬಾಯಿ ತೆರೆದ. ಮೊದಲ ಪದ ಬರಲಿಲ್ಲ. ಮುಂಚೆಯಾಗಿದ್ದರೆ ಟೈಲರಕ್ಕ ಅವನ ಮಾತನ್ನು ತಾನೇ ಮುಗಿಸಿಬಿಡುತ್ತಿದ್ದಳು. ಈಗ ಕಾದಳು.

"ನನಗೆ ಕೇಳಿಸ್ತಿತ್ತು ಅಕ್ಕ" ಎಂದ ಅವನು, ಒಂದೊಂದೇ ಪದವನ್ನು ದಾಟಿಸುತ್ತ. "ನಿಮ್ಮ ಕಿಟಕಿ ತೆರೆದೇ ಇರುತ್ತಲ್ಲ. ನನಗೆ ಅಭ್ಯಾಸ ಆಗಿದೆ. ಅವಳಿಗೆ ಆ ಅಭ್ಯಾಸ ಆಗೋದು ಬೇಡ ಅಂತ ಅಷ್ಟೇ ನನ್ನ ಆಸೆ."

ಬೈದಿದ್ದರೆ ಟೈಲರಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಒಳಗೆ ಹೋಗಿ ಇಬ್ಬರಿಗೂ ನೀರು ತಂದು ಕೊಟ್ಟ. "ಶಾಲೆಗೆ ಬರೋದು ಅವಳಿಗೆ ಬಿಟ್ಟಿದ್ದು" ಎಂದ.

ಮರುದಿನ ಆ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುಂಡಿ ದಿನಾ ಬೆಳಗ್ಗೆ ಅವರ ಬೀದಿಯ ಕಡೆಯಿಂದ ಸುತ್ತಿಕೊಂಡು ಹೋಗಿ, ಅವರ ಮನೆಯ ಗೇಟಿನ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ಶಾಲೆಗೆ ಓಡುತ್ತಿದ್ದಳು. "ಕ್ಷಮೆ ಕೇಳಿದ್ರೂ ಬರಲಿಲ್ವಲ್ಲ" ಎಂದು ಅವಳು ಅತ್ತಾಗ ಅಜ್ಜಿ ತಲೆ ಸವರಿ, "ಒಂದು ದಿನದಲ್ಲಿ ನೋಯಿಸಿದ್ದು ಒಂದು ದಿನದಲ್ಲಿ ಹೋಗುತ್ತೇನೇ? ನಾಳೆನೂ ಹೋಗು" ಎಂದರು.

ಅಂಗಡಿಯಲ್ಲಿ ಟೈಲರಕ್ಕನಿಗೂ ಸುಲಭವಾಗಲಿಲ್ಲ. ಬೆಂಚಿನ ಮೇಲೆ ಕೂತವಳೊಬ್ಬಳು, "ಅಕ್ಕ, ಅಂಚೆಯವನದ್ದು ಮಾಡಿ, ನಗದೆ ಎಷ್ಟು ದಿನ ಆಯ್ತು" ಎಂದಳು.

"ಅದು ಇನ್ನಿಲ್ಲ. ನನ್ನಿಂದ ಒಂದು ಮಗು ಶಾಲೆ ಬಿಟ್ಟು ಕೂತಿದೆ."

"ಓಹೋ, ರಾತ್ರೋರಾತ್ರಿ ಸನ್ಯಾಸಿ ಆಗ್ಬಿಟ್ರಾ?"

ಟೈಲರಕ್ಕನ ನಾಲಿಗೆಯ ತುದಿಗೆ ಒಂದು ಉತ್ತರ ಬಂದಿತ್ತು. ನುಂಗಿಕೊಂಡಳು. "ತೋಳು ಎತ್ತು, ಅಳತೆ ತಗೋಬೇಕು" ಎಂದಳು. ಬೆಂಚಿನವಳು ಹೊರಟುಹೋದ ಮೇಲೆ ಅತ್ತೆ ಮೂಲೆಯಿಂದ ಎದ್ದು ಸೊಸೆಗೆ ಒಂದು ಲೋಟ ಬಿಸಿ ಚಹಾ ತಂದುಕೊಟ್ಟರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ತಾವಾಗಿಯೇ ತಂದುಕೊಟ್ಟ ಮೊದಲ ಚಹಾ ಅದು.

ಮುಂದಿನ ಸೋಮವಾರ ಗೇಟು ತೆರೆಯಿತು. ಅಂಚೆಯಣ್ಣನ ಮಗಳು ಚೀಲ ಬೆನ್ನಿಗೆ ಹಾಕಿಕೊಂಡು ಹೊರಗೆ ಬಂದಳು. ಕಾದು ನಿಂತಿದ್ದ ಗುಂಡಿಯ ಜೊತೆ ಶಾಲೆಗೆ ನಡೆದಳು. ಟೀಚರ್ ಅವರಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ಗುರುವಾರ ಆ ಹುಡುಗಿ ಓದಲು ತಾನೇ ಕೈ ಎತ್ತಿದಳಂತೆ.

"ಒಂದು ಪುಟ ಓದೋಕೆ ತುಂಬ ಹೊತ್ತಾಯ್ತು ಅಮ್ಮ" ಎಂದಳು ಗುಂಡಿ, ಸಂಜೆ ಬಂದು. "ಟೀಚರ್ ಹೇಳಿಕೊಟ್ಟಿದ್ದಾರಲ್ಲ, ಮಧ್ಯೆ ಬಾಯಿ ಹಾಕಬಾರದು ಅಂತ. ನಾವೆಲ್ಲ ಕಾದ್ವಿ. ಕಥೆ ಚೆನ್ನಾಗಿತ್ತು."

ಟೈಲರಕ್ಕ ಯಂತ್ರದಿಂದ ಕಾಲು ತೆಗೆದು ಮಗಳನ್ನು ಹತ್ತಿರ ಎಳೆದುಕೊಂಡಳು. ಏಳರ ಮಗ್ಗಿಯ ನೆನಪು ಅವತ್ತು ಬರಲೇ ಇಲ್ಲ.

ತಿಂಗಳ ಕೊನೆಗೆ ಪೋಷಕರ ಸಭೆ ನಡೆಯಿತು. ಗುಣದ ಪಾಠ ಬೇಕೇ ಬೇಡವೇ ಎಂಬ ಮಾತು ಎದ್ದಾಗ ಕೆಲವರು ಮುಖ ಸಿಂಡರಿಸಿದರು. ಟೈಲರಕ್ಕ ಎದ್ದು ನಿಂತಳು. ಸಾವಿರ ಜನರನ್ನು ನಗಿಸಬಲ್ಲ ಬಾಯಿಗೆ ಅಲ್ಲಿ ಮಾತು ತಡೆಯಿತು. ಸಭೆ ಕಾಯಿತು.

"ಬೇಕು" ಎಂದಳು ಕೊನೆಗೆ. "ನಾನೂ ಬೇಡ ಅಂದವಳೇ. ನನ್ನ ಮಗಳು ತಪ್ಪು ಮಾಡಿದಾಗ ಈ ಟೀಚರ್ ಅವಳ ಮಾನ ಕಳೀಲಿಲ್ಲ. ಅವಳ ಮುಂದೆ ನನ್ನ ಮಾನವನ್ನೂ ಉಳಿಸಿದ್ರು. ತಿದ್ದಿಕೊಳ್ಳೋ ದಾರಿ ತೋರಿಸಿದ್ರು. ನನ್ನನ್ನ ಕ್ಷಮೆ ಕೇಳೋಕೆ ಕರ್ಕೊಂಡು ಹೋಗಿದ್ದು ನನ್ನ ಎಂಟು ವರ್ಷದ ಮಗಳು. ಅವಳಿಗೆ ಅದನ್ನ ಕಲಿಸಿದ್ದು ಈ ಶಾಲೆ. ಈ ಋಣ ಹೇಗೆ ತೀರಿಸ್ಲಿ ಅಂತ ನನಗೆ ಗೊತ್ತಿಲ್ಲ." ಟೀಚರ್ ಕಡೆ ಕೈಮುಗಿದು ಕೂತಳು. ಹಿಂದಿನ ಸಾಲಿನಲ್ಲಿದ್ದ ಅಂಚೆಯಣ್ಣ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತನ್ನ ಟೋಪಿ ತೆಗೆದು, ತಡವಾಗಿ ಬಂದು ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆಗೆ ಕೂರಲು ಜಾಗ ಮಾಡಿಕೊಟ್ಟ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗುವಿನ ಶಾಲೆಯಲ್ಲಿ ಗುಣದ ಪಾಠಕ್ಕೆ ಸಮಯ ಇಟ್ಟಿದ್ದರೆ ಅದನ್ನು ಹಾಳು ಸಮಯ ಎನ್ನಬೇಡಿ. ಇಟ್ಟಿಲ್ಲದಿದ್ದರೆ ಹೋಗಿ ಕೇಳಿ, ನಾವೂ ಕೈಜೋಡಿಸುತ್ತೇವೆ ಎನ್ನಿ. ಮಗು ತಪ್ಪು ಮಾಡಿದಾಗ ಕೈ ಎತ್ತುವ ಮೊದಲು ಕೂರಿಸಿ ಕೇಳಿ, ಜೊತೆಗೆ ಹೋಗಿ ಸರಿಪಡಿಸಿ. ನಿಮ್ಮಿಂದ ತಪ್ಪಾದರೆ ಮಗುವಿನ ಮುಂದೆಯೇ ಒಪ್ಪಿಕೊಳ್ಳಿ, ಸಣ್ಣವರಾಗುವುದಿಲ್ಲ. ಮತ್ತೆ, ನಿಮ್ಮ ಮಕ್ಕಳಿಗೆ ಅಕ್ಷರದ ಜೊತೆ ಮನುಷ್ಯತ್ವವನ್ನೂ ಕಲಿಸುತ್ತಿರುವ ಟೀಚರ್ ಒಬ್ಬರು ಇದ್ದೇ ಇರುತ್ತಾರೆ. ನಾಳೆ ಬೆಳಗ್ಗೆ ಮಗುವನ್ನು ಬಿಡಲು ಹೋದಾಗ ಗೇಟಿನಿಂದಲೇ ತಿರುಗಿ ಬರಬೇಡಿ. ಒಳಗೆ ಹೋಗಿ ಅವರಿಗೆ ಒಂದು ಮಾತು ಹೇಳಿ ಬನ್ನಿ: ನಿಮ್ಮಿಂದ ಉಪಕಾರವಾಯಿತು.