ಜ್ವರವಿಲ್ಲದ ಶೆಡ್ಡು

"ಕೆಮ್ಮುವುದಾದ್ರೆ ರೋಡಿಗೆ ಹೋಗಿ ಕೆಮ್ಮು, ರಂಡೆ! ನನ್ನ ಸಿಗಡಿ ಮೇಲೆ ಎಂತಕ್ಕೆ ಉಗುಳುವುದು?"

ಧಣಿ ಸರ್ವೋತ್ತಮ ಕೂಗಿದ್ದು ಬಾಗಿಲಲ್ಲಿ ನಿಂತು. ಒಳಗೆ ಕಾಲಿಡುವ ಗಂಡಸಲ್ಲ ಅವನು. ಮೂಗಿನ ಮೇಲೆ ಎರಡು ಮಾಸ್ಕು, ಕಿಸೆಯಲ್ಲಿ ಸ್ಯಾನಿಟೈಸರ್. ಉಚ್ಚಿಲದ ಈ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಐಸ್ ನೀರಿಗೆ ಕೈ ಅದ್ದಿ ನಿಂತ ಹೆಂಗಸರಿಗೆ ತಲಾ ಒಂದು ಬಟ್ಟೆಯ ಮಾಸ್ಕು, ಅದೂ ಒದ್ದೆ. ಮುದುಕಿ ಚಂಪಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಬಂದ ಕೆಮ್ಮನ್ನು ನುಂಗಿದಳು. ಪಕ್ಕದಲ್ಲಿ ನಿಂತ ವಾರಿಜಾ ಅವಳ ಪಾಲಿನ ಸಿಗಡಿಯನ್ನೂ ತನ್ನ ಕಡೆಗೆ ಎಳೆದುಕೊಂಡಳು.

ಕೊರೋನಾ ಮೂರನೆಯ ಸಲ ಬಂದ ಜನವರಿ ಅದು. ಗೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಲೀಲಾಧರ ಬೆಳಿಗ್ಗೆ ಎಲ್ಲರ ಹಣೆಗೆ ಜ್ವರದ ಗನ್ನು ಹಿಡಿಯುತ್ತಿದ್ದ. ಬಿಸಿ ತೋರಿಸಿದವಳು ಮನೆಗೆ. ಮರುದಿನ ಅವಳ ಜಾಗದಲ್ಲಿ ಇನ್ನೊಬ್ಬಳು. ಮನೆಗೆ ಹೋದವಳು ಉಣ್ಣುವುದು ಎಂತ, ಗಾಳಿಯಾ? ಹಾಗಾಗಿ ಹೆಂಗಸರು ಒಂದು ಉಪಾಯ ಹುಡುಕಿದ್ದರು. ಐಸ್ ಲಾರಿಯ ಮರೆಯಲ್ಲಿ ಹಣೆಗೆ ಐಸ್ ಒತ್ತಿ, ಸೆರಗಿನಲ್ಲಿ ಒರೆಸಿ, ಗೇಟಿಗೆ ಬರುವುದು. ಗನ್ನು ಪಾಪ, ಎಂತ ಮಾಡೀತು! ಹೀಗೆ ಆ ಶೆಡ್ಡಿನಲ್ಲಿ ಯಾರಿಗೂ ಜ್ವರವೇ ಬರುತ್ತಿರಲಿಲ್ಲ.

ಇವತ್ತು ಚಂಪಕ್ಕನ ಹಣೆಗೆ ಐಸ್ ಒತ್ತಿದ್ದು ವಾರಿಜಾಳೇ. ವಾರಿಜಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ತನ್ನ ಬುತ್ತಿ ಹಂಚಿಕೊಂಡು ಅವಳನ್ನು ಸಾಕಿದ ಮುದುಕಿ, ದಮ್ಮಿನ ಕಾಯಿಲೆಯವಳು. ಎರಡನೆಯ ಲಸಿಕೆ ಬಾಕಿ ಇತ್ತು. ರಜೆ ಕೇಳಿದ್ದಕ್ಕೆ ಧಣಿ, "ಸೂಜಿ ಹಾಕಿಸಿ ಮನೆಯಲ್ಲಿ ಮಲಗ್ತೀಯಾ? ಹಾಗಾದ್ರೆ ಅಲ್ಲೇ ಇರು" ಎಂದಿದ್ದ. ಅವನ ಮನೆಯ ನಾಯಿಗೂ ವರ್ಷ ವರ್ಷ ತಪ್ಪದೆ ಸೂಜಿ ಬೀಳುತ್ತದೆ.

ಚಾ ಹೊತ್ತಿಗೆ ಆಶಾ ಕಾರ್ಯಕರ್ತೆ ಹರ್ಷಿಣಿ ಚೀಲ ಹಿಡಿದು ಬಂದಳು.

"ಯಾರಿಗಾದ್ರೂ ಕೆಮ್ಮು, ಜ್ವರ ಉಂಟಾ? ಮೂಗಿನಿಂದ ತೆಗೆದು ಇಲ್ಲೇ ಟೆಸ್ಟ್ ಮಾಡುವುದು, ದುಡ್ಡಿಲ್ಲ. ಪ್ರಾಯ ಆದವರು ತಡ ಮಾಡ್ಲೇಬಾರದು."

"ಇಲ್ಲಿ ಯಾರಿಗೂ ಜ್ವರ ಇಲ್ಲ ಮಾರಾಯ್ತಿ" ಎಂದ ಸರ್ವೋತ್ತಮ. "ಗನ್ನು ಹಿಡಿದೇ ಒಳಗೆ ಬಿಡುವುದು. ಒಂದು ಪಾಸಿಟಿವ್ ಅಂತ ನೀವು ಬೀಗ ಹಾಕಿದ್ರೆ ಸಂಜೆ ಹೋಗುವ ಸಿಗಡಿ ಕಂಟೈನರ್ ನಿಮ್ಮ ಅಪ್ಪ ತುಂಬಿಸ್ತಾನಾ? ಹೋಗಿ, ಹೋಗಿ."

ಹರ್ಷಿಣಿ ಚೀಲ ಹೆಗಲಿಗೇರಿಸಿದಳು. ವಾರಿಜಾ ಕೈಯಲ್ಲಿದ್ದ ಸಿಗಡಿ ಕೆಳಗಿಟ್ಟಳು. ಬಾಯಿ ಬಿಟ್ಟರೆ ಎಲ್ಲರ ಗಂಜಿಗೂ ಮಣ್ಣು. ಬಿಡದಿದ್ದರೆ ಚಂಪಕ್ಕ ಉಳಿಯುವುದಿಲ್ಲ.

"ಜ್ವರ ಉಂಟು!" ಎಂದು ಕಿರುಚಿದಳು. "ಚಂಪಕ್ಕನಿಗೆ ನಾಲ್ಕೈದು ದಿನದಿಂದ ಉಂಟು. ಐಸ್ ಒತ್ತಿ ಒಳಗೆ ತಂದದ್ದು ನಾನೇ."

"ಬೇವರ್ಸಿ! ಅನ್ನ ಹಾಕಿದವನಿಗೇ ಮೋಸವಾ?"

ಅಷ್ಟರಲ್ಲಿ ಚಂಪಕ್ಕ ಸಿಗಡಿ ಸಿಪ್ಪೆಯ ರಾಶಿಯ ಮೇಲೆ ಕುಸಿದಳು. ಹರ್ಷಿಣಿ ಒಳಗೆ ಓಡಿ ಅವಳ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಿದಳು. ಐಸ್ ನೀರಿನಲ್ಲಿ ಮರಗಟ್ಟಿದ ಬೆರಳು, ಅಂಕಿಯೇ ಬರಲಿಲ್ಲ. ತನ್ನ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬಿಸಿ ಮಾಡಿ ಮತ್ತೆ ಹಾಕಿದಳು.

"ಎಂಬತ್ತು! ಅಯ್ಯೋ ದೇವರೇ, ಈಗಲೇ ಆಕ್ಸಿಜನ್ ಕೊಡಬೇಕು."

ಆಂಬುಲೆನ್ಸಿಗೆ ಫೋನು ಮಾಡಿದರೆ, ಅದು ಕಾರ್ಕಳಕ್ಕೆ ಹೋಗಿದೆಯಂತೆ. ಹೈವೇಯಲ್ಲಿ ಕೈ ಅಡ್ಡ ಹಿಡಿದರೆ ರಿಕ್ಷಾದವರು ಸಂಗತಿ ಕೇಳಿ ಗಾಡಿ ಓಡಿಸಿಯೇ ಬಿಟ್ಟರು. ಉಳಿದದ್ದು ಅಂಗಳದಲ್ಲಿದ್ದ ಧಣಿಯ ಬಿಳಿ ಕಾರು.

"ಧಣಿ, ಉಡುಪಿಗೆ ಬಿಡಿ. ಕಾಲು ಹಿಡೀತೇನೆ" ಎಂದಳು ವಾರಿಜಾ.

"ಈ ರೋಗ, ಈ ಮೀನಿನ ನಾತ, ನನ್ನ ಕಾರಿನಲ್ಲಾ? ನನ್ನ ಮಕ್ಕಳು ಕೂರುವ ಕಾರದು."

"ಆ ಕಾರು ಎಂತದರಲ್ಲಿ ಬಂದದ್ದು? ಶಂಕರಪುರ ಮಲ್ಲಿಗೆ ಮಾರಿಯಾ?"

ಇಷ್ಟು ವರ್ಷ ತಗ್ಗಿಸಿದ್ದ ತಲೆ ಅದು. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ವಾರಿಜಾಳಿಗೇ ದಿಗಿಲಾಯಿತು. ಆದರೆ ನಿಲ್ಲಲಿಲ್ಲ. ಹರ್ಷಿಣಿಯೂ ಅವಳೂ ಸೇರಿ ಮುದುಕಿಯನ್ನು ಎತ್ತಿ, ಕಾರಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಮಲಗಿಸಿ ತಾವೂ ಹತ್ತಿದರು. ಸೀರೆಯ ನೀರು ಸೀಟಿಗೆಲ್ಲ ಇಳಿಯಿತು.

"ಇಳೀರಿ! ಇಳೀರಿ ಹಲ್ಕಟ್‌ಗಳಾ!" ಸರ್ವೋತ್ತಮ ಓಡಿ ಬಂದವನು ದೂರದಲ್ಲೇ ಗಕ್ಕನೆ ನಿಂತ.

ವಾರಿಜಾ ಮಾಸ್ಕು ಕಿತ್ತು ಬಿಸಾಡಿದಳು.

"ಬನ್ನಿ ಧಣಿ. ಹತ್ತಿರ ಬಂದು ಕೈ ಹಿಡಿದು ಇಳಿಸಿ."

ಅವನು ಬರಲಿಲ್ಲ. ಲೀಲಾಧರ ಗನ್ನು ಕೆಳಗಿಟ್ಟು ಕೈ ಚಾಚಿದ. "ಕೀ ಕೊಡಿ ಧಣಿ. ನಾನು ಬಿಟ್ಟು ಬರ್ತೇನೆ."

ಸರ್ವೋತ್ತಮ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಆಗ ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಮಾಸ್ಕುಗಳನ್ನು ಗದ್ದಕ್ಕಿಳಿಸಿ ಅವನ ಕಡೆಗೆ ನಡೆದರು. ಅವನು ಹಿಂದೆ ಹಿಂದೆ ಸರಿದು ಕಾಂಪೌಂಡಿನ ಗೋಡೆಗೆ ಒರಗಿದ. ಕೀ ಮಾತ್ರ ಬಿಡಲಿಲ್ಲ.

ಕಾರಿನೊಳಗೆ ವಾರಿಜಾ ಮುಂದಿನ ಸೀಟಿನ ಮೇಲಿಂದ ಬಾಗಿ ಬಲಗೈಯಲ್ಲಿ ಹಾರ್ನ್ ಅದುಮಿ ಹಿಡಿದಿದ್ದಳು. ಎಡಗೈ ಚಂಪಕ್ಕನ ಎದೆಯ ಮೇಲಿತ್ತು. ಆ ಎದೆ ಏಳುತ್ತಿದೆಯೋ, ಹಾರ್ನಿನ ಸದ್ದಿಗೆ ಕಾರೇ ಅದುರುತ್ತಿದೆಯೋ ಅವಳಿಗೆ ತಿಳಿಯಲಿಲ್ಲ. ಅವಳು ಹಾರ್ನ್ ಬಿಡಲಿಲ್ಲ.