ಮರೋವಾಕ್ಕೆ ಸೊನ್ನೆ

ಫಳ್ನೀರಿನ ಆ ಮನೆಯ ಹಾಲಿನಲ್ಲಿ ಆ ವರ್ಷದ ಬೇಸಿಗೆ ರಜೆ ಪೂರ್ತಿ ಒಂದೇ ಜಗಳ: ಯಾವ ದೇಶ ಹೆಚ್ಚು ಮುಂದುವರಿದದ್ದು?

ಮನೆಯೊಡತಿ ಶಶಿಪ್ರಭಾಳ ತಮ್ಮ ಬಹರೈನ್‌ನಿಂದ ಬರುವಾಗ ಟಿವಿಗೆ ಸಿಕ್ಕಿಸಿ ಆಡುವ ಗೇಮಿನ ಪೆಟ್ಟಿಗೆ ತಂದುಕೊಟ್ಟಿದ್ದ. ಅದರ ಜೊತೆ ಒಂದೇ ಸರಣಿಯ ಮೂರು ಕ್ಯಾಸೆಟ್, ಒಂದೊಂದರಲ್ಲಿ ಒಂದೊಂದು ದೇಶ. ತೊರಿಂಡದಲ್ಲಿ ಹೊಗೆಯುಗುಳುವ ಕಾರ್ಖಾನೆಗಳು. ಝೆಲೋನದಲ್ಲಿ ಗಾಳಿಯಲ್ಲಿ ಹಾರುವ ರೈಲು. ಮರೋವಾದಲ್ಲಿ ಕಡಲು, ಎಣ್ಣೆದೀಪ, ಮತ್ತು ದಂಡೆಯ ಮೇಲೆ ಸಾಲಾಗಿ ನಿಂತು ಬಲೆ ಎಳೆಯುವ ಬೆರಳುದ್ದದ ಮನುಷ್ಯರು.

"ಟೀಚರ್, ನೀವೇ ಹೇಳಿ. ಝೆಲೋನ ಅಲ್ವಾ ಫಸ್ಟ್?" ಎಂದ ಶಶಿಪ್ರಭಾಳ ಮಗ ಚಿತ್ತರಂಜನ.

"ಇವನಿಗೆ ರೈಲೊಂದು ಸಿಕ್ಕಿದ್ರೆ ಸಾಕು. ತೊರಿಂಡದಲ್ಲಿ ಫಿರಂಗಿ ಉಂಟು ಮಾರಾಯ!" ಎಂದಳು ಅವನ ತಂಗಿ ಆಶಾಲತಾ.

ಕುಮುದಿನಿ ಬಲ್ಮಠದ ಒಂದು ಶಾಲೆಯಲ್ಲಿ ಟೀಚರು. ವಾರಕ್ಕೆ ಮೂರು ಸಂಜೆ ಈ ಮಕ್ಕಳಿಗೆ ಮನೆಪಾಠ. ಜಗಳವನ್ನೇ ಪಾಠ ಮಾಡೋಣವೆಂದು ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಹಾಕಿದಳು. ಬೆಳಕು, ರಸ್ತೆ, ಹಡಗು, ಮೀನುಗಾರಿಕೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರಿಂದ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದೇ ಬರೆಯಬೇಕಾಯಿತು. ಮರೋವಾದ ಮೀನುಗಾರಿಕೆಯ ಸರದಿ ಬಂತು.

"ಸೊನ್ನೆ," ಎಂದಳು. "ಇನ್ನೂ ಕೈಯಲ್ಲೇ ಬಲೆ ಎಳೆಯುವ ಜನ. ಹಿಂದುಳಿದವರು."

ಸ್ವಲ್ಪ ಜೋರಾಗಿಯೇ ಹೇಳಿದಳು. ಒಳಗಿದ್ದ ಶಶಿಪ್ರಭಾಳಿಗೂ ಕೇಳಲಿ ಎಂದು. ಎರಡು ವರ್ಷದ ಹಿಂದೆ ಈ ಮನೆಪಾಠಕ್ಕೆ ಸೇರಿದ ದಿನ ಶಶಿಪ್ರಭಾ, "ನಿಮ್ಮ ತಂದೆಗೆ ಎಂತ ಕೆಲಸ?" ಎಂದು ಕೇಳಿದ್ದಳು. "ಬೋಟಿನ ಬಿಸಿನೆಸ್" ಎಂದಿದ್ದಳು ಕುಮುದಿನಿ. ಅಲ್ಲಿಂದೀಚೆಗೆ ಆ ಮನೆಯಲ್ಲಿ ಮೀನಿನ ಮಾತು ಬಂದಾಗಲೆಲ್ಲ ಅವಳ ದನಿ ಒಂದು ತೂಕ ಹೆಚ್ಚಾಗುತ್ತಿತ್ತು.

ತಲೆ ಎತ್ತಿದರೆ, ತೆರೆದ ಬಾಗಿಲಲ್ಲಿ ಅಪ್ಪ ನಿಂತಿದ್ದ.

ಗಿರಿಯಪ್ಪನ ಕೈಯಲ್ಲಿ ಅವಳ ಕನ್ನಡಕದ ಡಬ್ಬಿ. ಮಡಚಿದ ಲುಂಗಿಯನ್ನು ಅವನು ಮೆಲ್ಲ ಕೆಳಗೆ ಬಿಟ್ಟುಕೊಂಡ. ಎಷ್ಟು ಹೊತ್ತಾಗಿತ್ತೋ ಬಂದು.

"ಯಾರು?" ಎನ್ನುತ್ತ ಶಶಿಪ್ರಭಾ ಅಡುಗೆಮನೆಯಿಂದ ಬಂದಳು.

"ಟೀಚರಿಗೆ ಕನ್ನಡಕ ಕೊಡ್ಲಿಕ್ಕೆ ಬಂದದ್ದು."

"ನೀವು ಅವರ...?"

ಗಿರಿಯಪ್ಪ ಮಗಳ ಮುಖ ನೋಡಿದ. ಮಗಳು ಕೈಯಲ್ಲಿದ್ದ ಪೆನ್ನು ನೋಡಿದಳು.

"ಹತ್ತಿರದ ಮನೆಯವ," ಎಂದ ಅವನು.

"ಹೌದಾ? ಹಾಗಾದ್ರೆ ಅಲ್ಲಿ ಕೂತ್ಕೊಳ್ಳಿ, ಚಾ ತರ್ತೇನೆ. ಟೀಚರಿನ ಒಟ್ಟಿಗೇ ಹೋಗ್ಬಹುದಲ್ಲ," ಎಂದು ಶಶಿಪ್ರಭಾ ಚಪ್ಪಲಿ ಬಿಡುವಲ್ಲಿದ್ದ ಬೆಂಚು ತೋರಿಸಿದಳು. ಅವನು ಅದರ ತುದಿಯಲ್ಲಿ ಕೂತ. ಕುಮುದಿನಿಯ ಕಿವಿಯ ಬುಡ ಬಿಸಿಯಾಗಿತ್ತು. ಈಗ ಹೇಳುತ್ತೇನೆ, ಚಾ ಬಂದ ಕೂಡಲೇ ಹೇಳುತ್ತೇನೆ ಎಂದುಕೊಂಡಳು. ಚಾ ಬಂತು. ಅವನು ಕುಡಿದ. ಅವಳು ಹೇಳಲಿಲ್ಲ.

ಆಶಾಲತಾ ಮರೋವಾದ ಕ್ಯಾಸೆಟ್ ಹಾಕಿದ್ದಳು. ಅವಳ ಪುಟ್ಟ ವೀರ ದಂಡೆಯ ಮೇಲೆ ಓಡುತ್ತ, ಬಲೆ ಎಳೆಯುವವರನ್ನು ಹಾರಿ ದಾಟುತ್ತ, ಹಸಿವಿನಿಂದ ಮತ್ತೆ ಮತ್ತೆ ಸಾಯುತ್ತಿದ್ದ.

"ಹಾರ್ಬೇಡ ಮಗಾ," ಎಂದಿತು ಬೆಂಚಿನ ಕಡೆಯಿಂದ ಒಂದು ದನಿ. "ಅವನ ಕೈಯನ್ನು ಆ ಹಗ್ಗಕ್ಕೆ ತಾಗಿಸು."

"ತಾಗಿಸಿದ್ರೆ ಎಂತ ಆಗ್ತದೆ ಅಜ್ಜ?"

"ತಾಗಿಸಿ ನೋಡು. ಹಗ್ಗ ಹಿಡಿದವನಿಗೆಲ್ಲ ಪಾಲು ಉಂಟು. ದಾರಿಹೋಕ ಆದ್ರೂ ಉಂಟು."

ಅವಳು ವೀರನನ್ನು ಸಾಲಿನ ಕೊನೆಗೆ ನಿಲ್ಲಿಸಿದಳು. ಬಲೆ ದಡಕ್ಕೆ ಬಂತು. ಪ್ರತಿಯೊಬ್ಬನ ಮುಂದೆ ಒಂದೊಂದು ಮೀನು ಬಿತ್ತು, ವೀರನ ಮುಂದೆಯೂ. ಮೇಲಿನ ಗೆರೆಯಲ್ಲಿ ಅವನ ಜೀವ ಪೂರ್ತಿ ತುಂಬಿತು. ಮಕ್ಕಳಿಬ್ಬರೂ ಕಿರುಚಿಕೊಂಡರು.

"ಒಂದು ತಿಂಗಳಿಂದ ಆಡ್ತಾ ಇದ್ದೇವೆ, ನಮಗೇ ಗೊತ್ತಿರ್ಲಿಲ್ಲ! ನಿಮಗೆ ಹೇಗೆ ಗೊತ್ತಾಯ್ತು ಅಜ್ಜ?"

ಗಿರಿಯಪ್ಪ ಮತ್ತೊಮ್ಮೆ ಮಗಳ ಕಡೆ ನೋಡಿದ.

"ಎಲ್ಲೋ ಕಡಲ ಕರೆಯಲ್ಲಿ ಯಾರೋ ಎಳೆಯುವುದನ್ನು ನೋಡಿದ್ದೆ," ಎಂದ.

ಯಾರೋ. ಯಂತ್ರದ ಪರ್ಸೀನ್ ಬೋಟುಗಳು ಬಂದು, ದಡದಲ್ಲಿ ನಿಂತು ಕೈಯಲ್ಲಿ ಎಳೆಯುವ ರಂಪಣಿ ಬಲೆಗಳು ಮೂಲೆ ಸೇರುವ ತನಕ ಅರವತ್ತು ಜನರ ಹಗ್ಗಕ್ಕೆ ಕೂಗು ಹಾಕಿ ಎಳೆಸುತ್ತಿದ್ದವನು ಅವನೇ. ಗಂಡ ಸತ್ತ ಚಂಪಕ್ಕ ಹಗ್ಗಕ್ಕೆ ಬರೀ ಬೆರಳು ಮುಟ್ಟಿಸಿ ನಿಲ್ಲುತ್ತಿದ್ದಳು. ಅವಳ ಬುಟ್ಟಿಗೂ ಬಂಗುಡೆ ಬೀಳುವಂತೆ ನೋಡಿಕೊಳ್ಳುತ್ತಿದ್ದವನು ಅವನೇ. ಮಗಳನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದ್ದೂ ಆ ಹಗ್ಗವೇ. ಈಗ ಬೋಟು ನಿಲ್ಲುವ ದಕ್ಕೆಯಲ್ಲಿ ಪರರ ಬಲೆಯ ಹರಕು ಹೊಲಿಯುತ್ತಾನೆ. ಆ ಒಂದು 'ಯಾರೋ' ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಇಂಥ ಮನೆಯ ಬಾಗಿಲಲ್ಲಿ ಒಂದು ದಿನ ಇದು ಬೇಕಾದೀತೆಂದು ಮೊದಲೇ ಸಿದ್ಧ ಮಾಡಿಟ್ಟುಕೊಂಡವನ ಹಾಗೆ.

"ಅವರು ನನ್ನ ಅಪ್ಪ," ಎಂದಳು ಕುಮುದಿನಿ.

ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಮಕ್ಕಳು ಬಾಯಿ ತೆರೆದು ಒಮ್ಮೆ ಇವಳನ್ನು, ಒಮ್ಮೆ ಬೆಂಚನ್ನು ನೋಡಿದರು. ಗಿರಿಯಪ್ಪ ಖಾಲಿ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ರಂಪಣಿ ಎಳೆಯುತ್ತಿದ್ದವರು. ಬೋಟ್ ಬಿಸಿನೆಸ್ ಅಂತ ನಾನು ಸುಳ್ಳು ಹೇಳಿದ್ದು, ಶಶಿಯಕ್ಕ."

ಶಶಿಪ್ರಭಾಳ ಮುಖ ಕೆಂಪಾಯಿತು. ಅವಳ ಕಣ್ಣು ಮೊದಲು ಹೋದದ್ದು ಚಪ್ಪಲಿಗಳ ಪಕ್ಕದ ಬೆಂಚಿಗೆ. "ಛೇ ಟೀಚರೇ! ನಿಮ್ಮ ತಂದೆಯನ್ನು ನಾನು ಅಲ್ಲಿ ಕೂರಿಸಿ... ಬಂದಾಗಲೇ ಹೇಳ್ಬಾರ್ದಿತ್ತಾ?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ನನ್ನನ್ನು ಅಷ್ಟು ಸಣ್ಣ ಮನುಷ್ಯೆ ಅಂತ ತಿಳ್ಕೊಂಡ್ರಾ ಎರಡು ವರ್ಷ?"

ಶಶಿಪ್ರಭಾ ಗಿರಿಯಪ್ಪನನ್ನು ಸೋಫಾಕ್ಕೆ ಕರೆದಳು, ಒತ್ತಾಯ ಮಾಡಿದಳು. ಅವನು "ಇಲ್ಲ ಅಮ್ಮ, ಹೊತ್ತಾಯ್ತು" ಎಂದು ಎದ್ದ.

ಅಪ್ಪ ಮಗಳು ಮನೆಯ ದಾರಿಯಲ್ಲಿ ಜೆಪ್ಪು ದಾಟಿದರು. ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ.

"ಯಾಕೆ ಹೇಳಿದ್ದು ನೀನು?" ಎಂದ ಕೊನೆಗೆ, ತಿರುಗದೆ. "ಹತ್ತಿರದ ಮನೆಯವ ಅಂತ ಹೇಳಿ ಆಗಿತ್ತಲ್ಲ. ಹಾಗೇ ಹೋಗ್ತಿತ್ತು. ಈಗ ಆ ಮಕ್ಕಳ ಎದುರು ನಾನು ಸುಳ್ಳುಗಾರ ಆದೆ."

"ಸುಳ್ಳು ನನ್ನದಲ್ವಾ ಅಪ್ಪ?"

"ಬಂದದ್ದು ನನ್ನ ಬಾಯಿಂದ."

ಹೊಯ್ಗೆಬಜಾರಿನ ತಿರುವಿನಲ್ಲಿ ಪೌಲ್ ತನ್ನ ಅಂಗಡಿಯೊಳಗಿಂದ ಕೂಗಿದ: "ಎಂತ ಗಿರಿಯಪ್ಪಣ್ಣ, ಮಗಳೊಟ್ಟಿಗೆ ಪೇಟೆ ಸುತ್ತಿ ಬಂದದ್ದಾ?"

ಅಪ್ಪ ನಿಂತ. ಬೆನ್ನು ನೆಟ್ಟಗಾಯಿತು.

"ಮಗಳು ಪಾಠ ಹೇಳುವ ಮನೆಗೆ ಹೋಗಿದ್ದೆ ಮಾರಾಯ, ಫಳ್ನೀರಿಗೆ. ದೊಡ್ಡ ಜನ. ಒಳಗೆ ಕರೆದು ಸೋಫಾದಲ್ಲಿ ಕೂರಿಸಿ ಚಾ ಕೊಟ್ರು," ಎಂದ. ಎಂದವನು ಮಗಳು ಹತ್ತಿರ ಬರಲಿ ಎಂದು ಕಾದ.

ಪೌಲ್ ನಗುತ್ತ ಅವಳ ಕಡೆ ನೋಡಿದ, ಹೌದು ಎನ್ನುತ್ತಾಳೆಂದು. ಕುಮುದಿನಿ ಹೂಂ ಎಂದು ತಲೆಯಾಡಿಸಿದಳು. ತಲೆ ಎತ್ತಲಿಕ್ಕೆ ಮಾತ್ರ ಆಗಲಿಲ್ಲ.